ಒರತೆ ಕಾಯೋಕೆ ನಿಂತ ನರಿ

ಒಂದು ಕಾಡಲ್ಲಿ ಆ ಸಲ ಬೇಸಿಗೆ ಎಷ್ಟು ಜೋರಾಗಿತ್ತು ಅಂದ್ರೆ, ಎಲ್ಲರಿಗೂ ಸೇರಿ ಉಳಿದಿದ್ದು ಒಂದೇ ಒಂದು ಒರತೆ. ಮರಳು ಬಗೆದ ಗುಂಡೀಲಿ ನೀರು ಹನಿ ಹನಿಯಾಗಿ ಒಸರ್ತಿತ್ತು. ಒಂದು ಮನೆಯವರು ಕುಡಿದು ಎದ್ರೆ ಮತ್ತೆ ತುಂಬೋಕೆ ಸುಮಾರು ಹೊತ್ತು ಬೇಕು. ಅದಕ್ಕೇ ಕಾಡಿನ ಯಜಮಾನಿ ಆನೆ ಗೌರಜ್ಜಿ ಸರದಿ ಮಾಡಿದ್ಳು. ಮನೆಗೆ ದಿನಕ್ಕೊಂದು ಸರದಿ. ತಪ್ಪಿದ್ರೆ ನಾಳೆ.

ಕಾವಲಿಗೆ ಇದ್ದಿದ್ದು ಎರಡೇ ಕಾಡುಕೋಣ. ಒಂದಕ್ಕೆ ಮಂಡಿನೋವು. ಇನ್ನೊಂದು ನಿಂತಲ್ಲೇ ಗೊರಕೆ ಹೊಡೀತಿತ್ತು. ಸಾಲಲ್ಲಿ ದಿನಾ ತಳ್ಳಾಟ, ಬೈದಾಟ.

ಆಗ ನರಿ ಸಿಂಗಾರಯ್ಯ ಕೈ ಮುಗಿದುಕೊಂಡು ಬಂದ.

"ಅಜ್ಜಿ, ಪಾಪ ಕೋಣಗಳಿಗೆ ಯಾಕೆ ಇಷ್ಟು ಕಷ್ಟ? ಸಾಲು ಮುರಿಯೋದು, ಗಲಾಟೆ ಮಾಡೋದು, ಇಂಥ ಸಣ್ಣ ತಪ್ಪಿಗೆ ನಮ್ಮಂಥ ಸಾಮಾನ್ಯರೇ ದಂಡ ಹಾಕ್ತೀವಿ. ಪುಕ್ಕಟೆ ಸೇವೆ!"

"ಪುಕ್ಕಟೆ?" ಗೌರಜ್ಜಿ ಕಿವಿ ಬೀಸೋದು ನಿಲ್ಲಿಸಿದ್ಳು.

"ಪೂರ್ತಿ ಪುಕ್ಕಟೆ. ತಪ್ಪು ಮಾಡಿದವರ ಅವತ್ತಿನ ಸರದಿ ಕಟ್. ಆ ಸರದಿ ದಂಡ ಹಾಕಿದವರಿಗೆ. ನೀರು ವೇಸ್ಟ್ ಆಗಬಾರದು ನೋಡಿ!"

ಅಲ್ಲೇ ಎಲ್ಲರಿಗೂ ಅನುಮಾನ ಬರಬೇಕಿತ್ತು. ಬಂದಿದ್ದು ಜಿಂಕೆ ಚಂಪಕ್ಕನಿಗೆ ಮಾತ್ರ.

"ಇವನು ಒಂದಿನಾನೂ ಸಾಲಲ್ಲಿ ನಿಂತಿದ್ದು ನಾನು ನೋಡಿಲ್ಲ. ಇವತ್ತು ಸಾಲಿನ ಮೇಲೆ ಇಷ್ಟೊಂದು ಪ್ರೀತಿನಾ?" ಅಂತ ಅವಳು ಮರದ ಮೇಲಿದ್ದ ಕರಿಮೂತಿ ಕೋತಿ ಮುಸುವನ ಹತ್ರ ಪಿಸುಗುಟ್ಟಿದ್ಳು.

ಗೌರಜ್ಜಿಗೆ ಸಾಕಾಗಿ ಹೋಗಿತ್ತು. ಅಧಿಕಾರದ ಗುರುತಿಗೆ ನರಿ ಕೊರಳಿಗೆ ಕಕ್ಕೆ ಹೂವಿನ ಹಾರ ಹಾಕಿ, "ಹೂಂ, ಇವತ್ತಿಂದ ನೋಡ್ಕೋ" ಅಂದ್ಳು. ಹಾರ ಬಿದ್ದಿದ್ದೇ ತಡ, ಸಿಂಗಾರಯ್ಯನ ನಡಿಗೆನೇ ಬದಲಾಯ್ತು. ಬಾಲ ನೆಟ್ಟಗಾಯ್ತು. ಗಂಟಲು ದಪ್ಪ ಆಯ್ತು.

ಮೊದಲನೇ ದಿನ ಚಂಪಕ್ಕ ಮರಿ ಜೊತೆ ಗುಂಡಿ ಹತ್ರ ಬಂದ್ಳು. ಇನ್ನೇನು ಮೂತಿ ಇಡಬೇಕು, ಮರದ ಮೇಲಿಂದ ಮುಸುವ "ಖಕ್! ಖಕ್!" ಅಂತ ಕೂಗಿದ. ಚಿರತೆ ಕಂಡ್ರೆ ಮುಸುವ ಕೂಗೋದು, ಕೂಗಿದ್ರೆ ಜಿಂಕೆ ಓಡೋದು, ಇದು ಅವರ ಅಜ್ಜ ಮುತ್ತಜ್ಜನ ಕಾಲದ ಪದ್ಧತಿ. ಎಲ್ಲರೂ ದಿಕ್ಕಾಪಾಲಾಗಿ ಓಡಿದ್ರು. ಪೊದೆ ಸರಸರ ಅಂತು. ಚಿರತೆ ವಾಪಸ್ ಹೋಯ್ತು.

ಎಲ್ಲರೂ ಗುಂಡಿ ಹತ್ರ ವಾಪಸ್ ಬಂದಾಗ ಸಿಂಗಾರಯ್ಯ ಅಡ್ಡ ಬಂದ. "ಮುಸುವನಿಗೆ ಗಲಾಟೆ ಮಾಡಿದ್ದಕ್ಕೆ ದಂಡ. ಚಂಪಕ್ಕನಿಗೆ ಸಾಲು ಮುರಿದಿದ್ದಕ್ಕೆ ದಂಡ."

"ಚಿರತೆ ಬಂದಿತ್ತು ಮಾರಾಯ!" ಅಂದ ಮುಸುವ.

"ಎಲ್ಲಿ? ತೋರ್ಸು. ಸಾಕ್ಷಿ ಯಾರು?"

"ನಾನೇ ನೋಡಿದೆ!"

"ಗಲಾಟೆ ಮಾಡಿದವನೇ ಸಾಕ್ಷಿನಾ? ಚೆನ್ನಾಗಿದೆ ಕಣಯ್ಯ!" ಅಂದವನೇ ಗುಂಡಿಗೆ ಇಳಿದು ಎರಡು ಮನೆ ಸರದೀಲೂ ತಾನೇ ಗಟಗಟ ಕುಡಿದ.

ಎರಡನೇ ದಿನ ಹೆಚ್ಚಿನ ನೀರಿನ ಆಸೆಗೆ ಇನ್ನೂ ನಾಲ್ವರು ಗೌರಜ್ಜಿ ಹತ್ರ ಹಾರ ಹಾಕಿಸ್ಕೊಂಡ್ರು. ಮುಂಗುಸಿ ಮೊಲಾನ ಹಿಡಿದ. ಮೊಲ ಅಳಿಲನ್ನ ಹಿಡಿದ. ಯಾರು ಯಾರನ್ನ ನೋಡ್ತಿದಾರೆ ಗೊತ್ತಾಗ್ತಿರಲಿಲ್ಲ. ಮುಳ್ಳುಹಂದಿ ಬೆನ್ನು ಕೆರ್ಕೊಳ್ಳೋಕೂ ಆ ಕಡೆ ಈ ಕಡೆ ನೋಡಿತು. ಕೆಮ್ಮು ಬಂದವರು ಕೆಮ್ಮನ್ನ ನುಂಗಿದ್ರು. ಕಾಡು ಗಪ್‌ಚುಪ್. ಚಂಪಕ್ಕ ಉಸಿರು ಬಿಗಿ ಹಿಡಿದು ನಿಂತಿದ್ಳು. ಆದ್ರೂ ಅವಳ ನೆರಳು ಪಕ್ಕದ ಸಾಲಿಗೆ ಬಿತ್ತು ಅಂತ ಸಿಂಗಾರಯ್ಯ ದಂಡ ಹಾಕಿದ.

ಅವಳು ಗೌರಜ್ಜಿ ಹತ್ರ ಓಡಿದ್ಳು. "ಅಜ್ಜಿ, ಮರಿಗೆ ಎರಡು ದಿನದಿಂದ ನೀರಿಲ್ಲ!"

"ಸಾಲು ಈಗ ಎಷ್ಟು ನೀಟಾಗಿದೆ ನೋಡೇ ಚಂಪಾ," ಅಂದ್ಳು ಗೌರಜ್ಜಿ. "ನಾಳೆ ತಪ್ಪು ಮಾಡಬೇಡ, ಅಷ್ಟೇ."

ಮೂರನೇ ದಿನ ಮರಿಗೆ ಕಾಲೇ ನಿಲ್ಲಲಿಲ್ಲ. ನಾಲಿಗೆ ಒಣಗಿ ತೊಗಟೆ ಆಗಿತ್ತು. ಚಂಪಕ್ಕ ಅದನ್ನ ಮೂತೀಲಿ ನೂಕ್ಕೊಂಡು ಗುಂಡಿವರೆಗೂ ತಂದ್ಳು. ನೀರಿನ ವಾಸನೆ ಬಂತು. ಮರಿ ತಡೀಲಾರದೆ "ಮ್ಯಾ" ಅಂತು.

"ಗಲಾಟೆ!" ಸಿಂಗಾರಯ್ಯ ಹಾರ ಸರಿ ಮಾಡ್ಕೊಂಡ. "ಸರದಿ ಕಟ್."

"ನಂದು ಬೇಡ. ಅದಕ್ಕೆ ಒಂದು ಗುಟುಕು ಬಿಡೋ," ಚಂಪಕ್ಕ ಅಂಗಲಾಚಿದ್ಳು.

"ರೂಲ್ಸ್ ರೂಲ್ಸೇ ಅಕ್ಕ. ಹಿಂದೆ ಸರಿ. ಇನ್ನೂ ಹಿಂದೆ." ಅವಳು ಮರೀನ ನೂಕ್ಕೊಂಡು ಸರಿದ್ಳು. ಅವನು ಮರಿ ಇದ್ದ ಜಾಗದಲ್ಲೇ ನಿಂತು ಗುಂಡಿಗೆ ಬಗ್ಗಿದ.

ಮರದ ಮೇಲಿಂದ ಮುಸುವನಿಗೆ ಪೊದೇಲಿ ಚುಕ್ಕೆ ಚುಕ್ಕೆ ಕಂಡಿತು. ಬಾಯಿ ತೆರೆದ. ದಂಡ ನೆನಪಾಯ್ತು. ಮುಚ್ಚಿದ. ಮನಸ್ಸು ಕೇಳಲಿಲ್ಲ.

"ಸಿಂಗಾರಯ್ಯನೋರೇ, ಒಂದು ಮಾತು," ಅಂತ ಮೆಲ್ಲಗೆ ಅಂದ.

"ಬಾಯ್ಮುಚ್ಚೋ ಕರಿಮೂತಿ! ನೀರು ಕುಡಿಯುವಾಗ ಮಾತಾಡಿದ್ದಕ್ಕೆ ನಾಳಿನ ಸರದಿನೂ ಕಟ್!"

"ಅಲ್ಲ, ನಿಮ್ಮ ಹಿಂದೆ..."

"ನಾಡಿದ್ದಿಂದೂ ಕಟ್!"

ಮುಸುವ ಬಾಯಿ ಮುಚ್ಚಿದ. ಮೂರು ದಿನದಿಂದ ಜಿಂಕೆ ಸರದಿ ಹೊತ್ತಿಗೇ ಹೊಂಚು ಹಾಕ್ತಿದ್ದ ಚಿರತೆ ಒಂದೇ ನೆಗೆತಕ್ಕೆ ಹಾರಿತು. ಸಿಕ್ಕಿದ್ದು ಜಿಂಕೆ ಅಲ್ಲ, ನರಿ ಅಂತ ಅದಕ್ಕೆ ಗೊತ್ತಾಗಿದ್ದು ಬಾಯಿಗೆ ಬಂದ ಮೇಲೇ. ಹಸಿದಿದ್ದ ಚಿರತೆ ಜಾಸ್ತಿ ಯೋಚನೆ ಮಾಡಲಿಲ್ಲ, ಎಳ್ಕೊಂಡು ಹೋಯ್ತು.

ಗೌರಜ್ಜಿ ದಡದಡ ಅಂತ ಓಡಿ ಬಂದ್ಳು. ನೆಲದ ಮೇಲೆ ಹೂವು ಚೆಲ್ಲಿದ್ವು. "ಇಷ್ಟು ಜನ ಇದ್ರಿ, ಒಬ್ಬರಾದ್ರೂ ಕೂಗಬಾರದಾಗಿತ್ತಾ?"

"ಕೂಗಿದ್ರೆ ದಂಡ ಅಲ್ವಾ ಅಜ್ಜಿ?" ಅಂದ ಮುಸುವ.

ಗೌರಜ್ಜಿ ಮುಂಗುಸಿ, ಮೊಲ, ಉಳಿದವರ ಕೊರಳಿಂದ ಹಾರ ಒಂದೊಂದಾಗಿ ಕಿತ್ತು ಹಾಕಿದ್ಳು. ಗೊರಕೆ ಹೊಡೀತಿದ್ದ ಕೋಣಕ್ಕೆ ಸೊಂಡಿಲಲ್ಲಿ ಒಂದು ಬಿಟ್ಳು. ಆಮೇಲೆ ತಾನೇ ಹೋಗಿ ಮರೀನ ಎತ್ತಿ ನೀರಿನ ಪಕ್ಕ ನಿಲ್ಲಿಸಿದ್ಳು. ಅದು ಸೊರಸೊರ ಸದ್ದು ಮಾಡ್ತಾ, ಗುಂಡಿ ತಳ ಕಾಣೋವರೆಗೂ ಕುಡೀತು.

ನೀತಿ: ತಪ್ಪು ಹುಡುಕಿದವನಿಗೇ ಲಾಭ ಅಂತ ಮಾಡಿದ್ರೆ, ಅವನು ಎಲ್ಲದರಲ್ಲೂ ತಪ್ಪು ಹುಡುಕ್ತಾನೆ, ಹಾಗೆ ಊರಿನವರ ಬಾಯಿ ಮುಚ್ಚಿಸಿದವನಿಗೆ ಆಪತ್ತು ಬಂದಾಗ ಎಚ್ಚರಿಸೋಕೆ ಒಂದು ಬಾಯಿಯೂ ಉಳಿಯಲ್ಲ.