ದಫೇದಾರರು ಕುದುರೆ ಹತ್ತಿದ ದಿನ

ಕರಿಕಟ್ಟಿಯ ಮಠಕ್ಕೆ ಗೋಪುರವಿರಲಿಲ್ಲ, ತಗಡಿನ ಲಾಯವಿತ್ತು. ಪೂಜ್ಯ ಗುರುಲಿಂಗ ಸ್ವಾಮಿಗಳು ಪ್ರಾತಃಪೂಜೆ ಮುಗಿದೊಡನೆ ಅಲ್ಲಿಗೆ ಬಂದು, ತಾವೇ ಲದ್ದಿ ಎತ್ತಿ, ಎರಡು ಮುದಿ ಕುದುರೆಗಳ ಮೈ ಉಜ್ಜುತ್ತಿದ್ದರು. ನಡೆಯಲು, ಮಾತಾಡಲು ಕಷ್ಟಪಡುವ ಮಕ್ಕಳನ್ನು ಆ ಕುದುರೆಗಳ ಮೇಲೆ ಕೂರಿಸಿ ಮೆಲ್ಲಗೆ ನಡೆಸುವುದು ಶ್ರೀಗಳು ಕೈಗೊಂಡ ಸೇವೆ.

ಆ ಸೇವೆಗೆಂದು ಬಂದವರು ಸೋಮಲಿಂಗಪ್ಪ. ಪೊಲೀಸ್ ಅಶ್ವದಳದಲ್ಲಿ ಮೂವತ್ತು ವರ್ಷ ಸವಾರಿ ಕಲಿಸಿ ನಿವೃತ್ತರಾದ ದಫೇದಾರರು. ಎಂಥ ಹಟಮಾರಿ ಕುದುರೆಯನ್ನೂ ವಾರದೊಳಗೆ ಪಳಗಿಸಿದ ಅವರಿಗೆ ಒಂಬತ್ತು ವರ್ಷದ ದಾನಮ್ಮ ಸಾಕುಸಾಕು ಮಾಡಿಬಿಟ್ಟಳು. ಮಾತು ಬಾರದ ಹುಡುಗಿ. ದಿನವೂ ಬರುವಳು, ಬಿಳಿ ಕುದುರೆಯ ಹೊಟ್ಟೆಗೆ ಅಂಗೈಯಿಟ್ಟು ನಿಲ್ಲುವಳು. ಹತ್ತಿಸಲು ಹೋದರೆ ನೆಲಕ್ಕೆ ಕುಸಿಯುವಳು. ಬೆಲ್ಲ ತೋರಿಸಿದರು, ಗದರಿದರು. ಹೆಲ್ಮೆಟ್ ಹಾಕುವುದಕ್ಕೇ ಅರ್ಧ ಗಂಟೆ. ಕಿತ್ತೆಸೆಯಲು ಅವಳಿಗೆ ಅರೆಗಳಿಗೆ. ಹೀಗೆ ಐದು ವಾರ.

ಆರನೇ ವಾರ ಹೆಲ್ಮೆಟ್ ನೀರಿನ ತೊಟ್ಟಿಗೆ ಬಿತ್ತು. ಸೋಮಲಿಂಗಪ್ಪನವರು ಅದನ್ನೆತ್ತಿ ಕೊಡವುತ್ತ ನೇರ ಶ್ರೀಗಳ ಬಳಿ ಬಂದರು.

"ಅಪ್ಪಾರ, ನನ್ನಿಂದ ಆಗೂದಿಲ್ರಿ. ಸವಾರಿ ಕಲಸಾಕ ಬಂದಾಂವ ನಾ, ಸುಮ್ಮನ ನಿಂದರಾಕಲ್ಲ. ನಾಳೆಯಿಂದ ಬರೂದಿಲ್ಲ."

ಶ್ರೀಗಳು ಸಲಿಕೆ ಕೆಳಗಿಟ್ಟರು. "ಆಗಲಿ. ಹೋಗೂ ಮೊದಲ ಒಮ್ಮೆ ನೀವ ಹತ್ತರಿ. ಹಗ್ಗ ಆಕಿ ಹಿಡೀಲಿ."

ದಫೇದಾರರು ಸಿಡುಕಿನಲ್ಲೇ ಹತ್ತಿ ಕುಳಿತರು. ದಾನಮ್ಮ ಹಗ್ಗ ಹಿಡಿದಳು. ಶ್ರೀಗಳು ಕುದುರೆಯ ಕೊರಳ ಮೇಲೆ ಕೈಯಿಟ್ಟು ಜೊತೆಗೆ ನಡೆದರು. ನಾಲ್ಕು ಹೆಜ್ಜೆಗೆ ಹುಡುಗಿ ನಿಂತಳು. ದಫೇದಾರರಿಗೆ ರೇಗಿತು, ಕಾಲು ಬಿಗಿದವು; ಕುದುರೆ ತಲೆ ಕೊಡವಿತು; ಹುಡುಗಿ ನಡುಗಿ ಸರಿದಳು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಅದೇ. ಮೂರನೇ ಸಲ ಅವರಿಗೆ ತಿಳಿಯಿತು: ತಮ್ಮ ಸಿಟ್ಟು ಕುದುರೆಯ ಮೈಗೆ, ಅಲ್ಲಿಂದ ಮಗುವಿಗೆ ಇಳಿಯುತ್ತಿದೆ. ಐದು ವಾರವೂ ಹಗ್ಗ ಹಿಡಿದ ಕೈಯಿಂದ ಹೀಗೇ ಇಳಿದಿತ್ತು. ಅವರು ಉಸಿರು ಬಿಟ್ಟು ಕಾಲು ಸಡಿಲಿಸಿದರು. ದಾನಮ್ಮ ಅಂಗಳದ ಕೊನೆಯವರೆಗೆ ಒಂದೇ ಸಮನೆ ನಡೆದಳು.

ಇಳಿದವರೇ ಶ್ರೀಗಳ ಪಾದಕ್ಕೆ ಬಾಗಿದರು. ಶ್ರೀಗಳು ಹುಡುಗಿಯತ್ತ ಕೈ ತೋರಿಸಿ, ತಮ್ಮ ಕೆಲಸಕ್ಕೆ ಮರಳಿದರು.

ಬೇವಿನ ಕಟ್ಟೆಯಲ್ಲಿದ್ದ ದಾನಮ್ಮನ ತಾಯಿ ಸಂಕೋಚದಿಂದ ಎದ್ದು ನಿಂತಳು. "ಆಕಿ ನಿಮಗ ಭಾಳ ತ್ರಾಸ ಕೊಟ್ಲರಿ."

"ತ್ರಾಸ ಕೊಟ್ಟಾಂವ ನಾನವ್ವಾ," ಎಂದರು ಸೋಮಲಿಂಗಪ್ಪ. "ನಾಳೆ ಎಷ್ಟೊತ್ತಿಗೆ ಕರಕೊಂಡ ಬರ್ತಿ?"

ದಾನಮ್ಮ ತಾನಾಗಿ ಕುದುರೆ ಹತ್ತಿದ್ದು ಅದಾಗಿ ಎರಡು ತಿಂಗಳಿಗೆ. ಅಲ್ಲಿಯವರೆಗೆ ದಫೇದಾರರು ಒಂದು ದಿನವೂ ಅವಳಿಗೆ 'ಹತ್ತು' ಎನ್ನಲಿಲ್ಲವಂತೆ.