ಹಸುವಿನ ಕೊರಳಿನ ಗಂಟೆ

"ಬುದ್ಧೀ, ದಿನಬಳಕೆಗೆ ಯಾವ ವಾಚು ತಗಂಡ್ರೆ ಒಳ್ಳೇದು?"

ಗುರುಗಳು ಕಣ್ಣು ಮುಚ್ಚಿಕೊಂಡರು. ಧ್ಯಾನಕ್ಕಲ್ಲ, ಸಿಟ್ಟು ನುಂಗಿಕೊಳ್ಳುವುದಕ್ಕೆ. ಒಂದು ತಿಂಗಳಿಂದ ಪ್ರತಿ ಸೋಮವಾರವೂ ಕೊಟ್ರಪ್ಪ ಇದೇ ಪ್ರಶ್ನೆ ಹಿಡಿದುಕೊಂಡು ಬಂದು ಅವರ ತಲೆ ತಿನ್ನುತ್ತಿದ್ದ. ಮುಕ್ತಿ ಹೇಗೆ ಎಂದು ಇಪ್ಪತ್ತು ವರ್ಷದಲ್ಲಿ ಅವನು ಒಮ್ಮೆಯೂ ಕೇಳಿದವನಲ್ಲ.

ಕೊಟ್ರಪ್ಪ ಗುಡ್ಡದ ಕೆಳಗಿನ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು. ವಯಸ್ಸು ಐವತ್ತರ ಹತ್ತಿರ. ಬೆಳಿಗ್ಗೆ ಅಂಗಡಿಯಲ್ಲಿ ಕೂತರೆ ಬಾಗಿಲು ಹಾಕುವಾಗಲೇ ಏಳುವ ಆಳು. ತನ್ನ ಕಸುಬಿನಲ್ಲಿ ಮಾತ್ರ ಬಲು ಗಟ್ಟಿಗ. ಹಿತ್ತಾಳೆಯ ಕೊಡವನ್ನು ಬೆರಳಿನಿಂದ ಒಮ್ಮೆ ತಟ್ಟಿ, ಕಣ್ಣಿಗೆ ಕಾಣದ ಬಿರುಕು ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಮಠದ ಎಪ್ಪತ್ತೆರಡು ಮೆಟ್ಟಿಲನ್ನು ಮೊದಲೆಲ್ಲ ಒಂದೇ ಉಸಿರಿಗೆ ಹತ್ತಿ ಬರುತ್ತಿದ್ದ. ಈಚೆಗೆ ನಡುವೆ ಎರಡು ಕಡೆ ಕೂರುತ್ತಿದ್ದ. ಎದೆಯ ಮೇಲೆ ಕೈ ಇಟ್ಟುಕೊಂಡು, ಬೆವರು ಒರೆಸಿಕೊಂಡು, ಮತ್ತೆ ಹತ್ತುತ್ತಿದ್ದ.

ಗುರುಗಳು ಕೂರುವ ಕಟ್ಟೆಯಿಂದ ಮೆಟ್ಟಿಲುಗಳೆಲ್ಲ ಕಾಣುತ್ತವೆ. ಅವರು ಎಲ್ಲವನ್ನೂ ನೋಡಿದ್ದರು. ನೋಡಿ ಹೆದರಿದ್ದರು. "ಆಸ್ಪತ್ರೆಗೆ ಹೋಗಿ ತೋರಿಸು" ಎಂದು ಎರಡು ಸಲ ಹೇಳಿದ್ದರು. "ವಾಚು ಬರ್ಲಿ ಬುದ್ಧೀ, ಎಲ್ಲಾ ಅದ್ರಾಗೇ ಗೊತ್ತಾಗ್ತತಿ" ಎಂದು ಕೊಟ್ರಪ್ಪ ಎರಡು ಸಲವೂ ಆ ಮಾತನ್ನು ತಳ್ಳಿಹಾಕಿದ್ದ.

"ಆಗಲೇ ಮೂರು ತರಿಸಿದ್ದೆಯಲ್ಲ, ಅವು ಏನಾದವು?" ಎಂದು ಗುರುಗಳು ಕೇಳಿದರು.

"ಮೂರೂ ವಾಪಸ್ ಕಳಿಸ್ದೆ ಬುದ್ಧೀ. ಎಲ್ಲಾ ಬೋಗಸ್ಸು. ನಾನು ಸುಮ್ನೆ ಅಂಗಡ್ಯಾಗೆ ಕುಂತಿರ್ತೀನಿ, ಮೊದಲನೇದು ಎದೆ ಬಡಿತ ನೂರಾ ಹತ್ತು ಅಂತ ತೋರಿಸ್ತು. ಸುಮ್ನೆ ಕುಂತೋನಿಗೆ ನೂರಾ ಹತ್ತು ಎಲ್ಲಾನ ಉಂಟಾ? ಎರಡನೇದು ಬೇರೆ ಕಂಪನಿದು ತರಿಸ್ದೆ. ಅದೂ ನೂರಾ ಎಂಟು, ನೂರಾ ಹನ್ನೆರಡು. ಮೂರನೇದು ಇನ್ನೊಂದು ಕಂಪನಿದು. ಅದೂ ನೂರಾ ಹತ್ತರ ಮ್ಯಾಲೇ. ಸಾಲದ್ದಕ್ಕೆ ಕೈಯಾಗೆ ಗುರ್ ಅಂತ ನಡುಗಿ, ಡಾಕ್ಟ್ರನ್ನ ಕಾಣು ಅಂತ ಬ್ಯಾರೆ ಬರೀತು. ಏಳು ದಿನದೊಳಗೆ ವಾಪಸ್ ತಗಂತಾರೆ, ಅದೊಂದು ಪುಣ್ಯ."

ಕೊಟ್ರಪ್ಪ ಫೋನು ತೆಗೆದು ಗುರುಗಳ ಮುಂದೆ ಹಿಡಿದ. "ಇದು ನೋಡ್ರಿ ಬುದ್ಧೀ, ಹೊಸದು. ನಿದ್ದೆ ಲೆಕ್ಕ ಇಡ್ತತಂತೆ. ಹೆಜ್ಜೆ ಎಣಿಸ್ತತಂತೆ. ಐವತ್ತು ಮೀಟರ್ ನೀರಾಗೆ ಇಳಿದ್ರೂ ಕೆಡಂಗಿಲ್ಲಂತೆ."

"ಐವತ್ತು ಮೀಟರ್ ನೀರು ನಮ್ಮ ತಾಲ್ಲೂಕಿನಲ್ಲಿ ಎಲ್ಲಿದೆಯಪ್ಪಾ?" ಎಂದರು ಗುರುಗಳು. ಕೊಟ್ರಪ್ಪ ಇಳಿಯುವ ನೀರೆಂದರೆ ಬಚ್ಚಲುಮನೆಯದು. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಕೊಟ್ರಪ್ಪ ಬೆರಳಿನಿಂದ ಫೋನು ಉಜ್ಜುವುದನ್ನು ನಿಲ್ಲಿಸಲಿಲ್ಲ.

ಗುರುಗಳಿಗೆ ರೇಗಿತು. "ಅದನ್ನು ಜೇಬಿಗೆ ಹಾಕು. ಒಂದು ಕತೆ ಹೇಳುತ್ತೇನೆ, ಕೇಳು" ಎಂದು ಗದರಿ, ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನಿಗೆ ಇದ್ದದ್ದು ಒಂದೇ ಹಸು. ಮನೆಯ ಮಕ್ಕಳು ಅದರ ಹಾಲು ಕುಡಿದು ಬೆಳೆಯುತ್ತಿದ್ದರು. ಆ ಊರಿನಲ್ಲಿ ದನ ಕಾಯುವವರು ಇರಲಿಲ್ಲ. ಕೊರಳಿಗೆ ಗಂಟೆ ಕಟ್ಟಿ ದನಗಳನ್ನು ಗುಡ್ಡಕ್ಕೆ ಬಿಡುತ್ತಿದ್ದರು. ಮನೆಯವರು ತಮ್ಮ ತಮ್ಮ ಕೆಲಸ ಮಾಡಿಕೊಂಡೇ ಆ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದರು. ಮೇಯುವ ಹಸುವಿನ ಗಂಟೆಯ ಸದ್ದು ಒಂದು ಬಗೆ, ಬೆದರಿ ಓಡುವ ಹಸುವಿನದು ಇನ್ನೊಂದು ಬಗೆ. ಸದ್ದು ಬದಲಾಯಿತೆಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಗುಡ್ಡಕ್ಕೆ ಓಡುತ್ತಿದ್ದರು. ಗಂಟೆ ಕಟ್ಟುತ್ತಿದ್ದದ್ದೇ ಅದಕ್ಕೆ.

ರೈತನ ಹಸುವಿನ ಹಳೆಯ ಗಂಟೆ ಬಂಡೆಗೆ ತಗುಲಿ ಒಡೆಯಿತು. ಅವನು ಕಂಚುಗಾರನ ಬಳಿಯಿಂದ ಹೊಸದನ್ನು ತಂದು ಕಟ್ಟಿದ. ಸಂಜೆ ಹಸು ಮನೆಗೆ ಬರುವಾಗ ಕಿವಿಗೊಟ್ಟು ಕೇಳಿದ. ಗಂಟೆ ಎರಡು ಸಲ ಬೇಗ ಬೇಗ ಬಡಿಯಿತು. ಆಮೇಲೆ ಒಂದು ಕ್ಷಣ ತಡೆಯಿತು. ಮತ್ತೆ ಎರಡು ಸಲ ಬಡಿಯಿತು, ಮತ್ತೆ ತಡೆಯಿತು. ರೈತನಿಗೆ ಅದು ಹಿಡಿಸಲಿಲ್ಲ.

ಸದ್ದು ಹಿಡಿಸದಿದ್ದರೆ ಮುಂದಿನ ಸಂತೆಯೊಳಗೆ ಗಂಟೆಯನ್ನು ಹಿಂದಕ್ಕೆ ಕೊಡಬಹುದು ಎಂಬುದು ಆ ಕಂಚುಗಾರನ ಪದ್ಧತಿ. ಕರಗಿಸಿದರೆ ಅವನಿಗೆ ಅವನ ಕಂಚು ಸಿಗುತ್ತಿತ್ತು. ರೈತ ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ತಂದ. ಅದೂ ಹಾಗೆಯೇ ಬಡಿಯಿತು. ಎರಡನೆಯದನ್ನು ಕೊಟ್ಟು ಮೂರನೆಯದನ್ನು ತಂದ. ಅದು ದೊಡ್ಡದು, ಸದ್ದು ಊರಾಚೆಗೂ ಕೇಳುವಂಥದ್ದು. ಅದರ ತಡೆಯೂ ಊರಾಚೆಗೆ ಕೇಳಿತು.

ರೈತ ಸಿಟ್ಟಿನಿಂದ ಅದನ್ನು ಬಿಚ್ಚಿಕೊಂಡು ಹೊರಟ. ಹಸು ಆ ದಿನ ಬರಿ ಕೊರಳಿನಲ್ಲಿ ಗುಡ್ಡಕ್ಕೆ ಹೋಯಿತು. ರೈತ ಗಂಟೆಯನ್ನು ಕಂಚುಗಾರನ ಮುಂದೆ ಕುಕ್ಕಿ ಹೇಳಿದ: "ನಿನ್ನ ಕೈಗೆ ಏನು ಬಂದಿದೆ? ಮೂರು ಕೊಟ್ಟೆ, ಮೂರೂ ಕುಂಟುತ್ತವೆ."

ಕಂಚುಗಾರ ಗಂಟೆಯನ್ನು ಎತ್ತಿ ಆಡಿಸಿದ. ಅದು ಒಂದೇ ಸಮನೆ ಬಡಿಯಿತು. "ನನ್ನ ಕೈಯಲ್ಲಿ ಸರಿಯಾಗಿಯೇ ಇದೆಯಲ್ಲ" ಎಂದ.

"ಸಬೂಬು ಬೇಡ. ಬೇರೆಯದು ಕೊಡು" ಎಂದ ರೈತ.

ನಾಲ್ಕನೆಯ ಗಂಟೆ ಹಿಡಿದುಕೊಂಡು ಅವನು ಮನೆಗೆ ಬಂದಾಗ ಸಂಜೆಯಾಗಿತ್ತು. ಊರಿನ ದನಗಳೆಲ್ಲ ಬಂದಿದ್ದವು. ಅವನ ಹಸು ಬಂದಿರಲಿಲ್ಲ. ಸದ್ದು ಹಿಡಿದು ಹುಡುಕೋಣವೆಂದರೆ ಅದರ ಕೊರಳಿನಲ್ಲಿ ಗಂಟೆ ಇರಲಿಲ್ಲ. ಅವನೂ ಅವನ ಹೆಂಡತಿಯೂ ಗುಡ್ಡವನ್ನೆಲ್ಲ ಸುತ್ತಿದರು. ಕತ್ತಲಾಗುವ ಹೊತ್ತಿಗೆ ಹಸು ಹಳ್ಳದಲ್ಲಿ ಬಿದ್ದಿರುವುದು ಕಂಡಿತು. ಮುಂಗಾಲಿನ ಗೊರಸಿನ ಸಂದಿಯಲ್ಲಿ ಬೆರಳುದ್ದದ ಜಾಲಿ ಮುಳ್ಳು ನೆಟ್ಟಿತ್ತು. ನೆಟ್ಟು ಬಹಳ ದಿನವಾಗಿತ್ತು. ಕಾಲು ಮೊಣಕಾಲಿನವರೆಗೆ ಕೊಳೆತಿತ್ತು. ಹಸು ಮತ್ತೆ ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರಪ್ಪ ತೊಡೆ ತಟ್ಟಿದ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಎಂಥಾ ದಡ್ಡ ಮುಂಡೇಗಂಡ ಬುದ್ಧೀ ಅವ್ನು! ನಾನು ಕಂಚು ಹಿತ್ತಾಳ್ಯಾಗೇ ಕೂದಲು ಬೆಳ್ಳಗೆ ಮಾಡಿಕೊಂಡೋನು, ಹೇಳ್ತೀನಿ ಕೇಳ್ರಿ. ಒಂದು ಗಂಟೆ ಕೆಟ್ಟಿರಬೋದು. ಬ್ಯಾರೆ ಬ್ಯಾರೆ ಎರಕದ ಮೂರು ಗಂಟೆ ಒಂದೇ ನಮೂನಿ ಕೆಡಾಕೆ ಸಾಧ್ಯನೇ ಇಲ್ಲ. ನಾನಾಗಿದ್ರೆ ಎರಡನೇ ಸಲಕ್ಕೇ ಹಸಿನ ಕಾಲು ಎತ್ತಿ ನೋಡ್ತಿದ್ದೆ."

ಗುರುಗಳು ಅವನ ಮುಖವನ್ನೇ ನೋಡಿದರು. ಮೆಟ್ಟಿಲು ಹತ್ತಿ ಬಂದು ಇಷ್ಟು ಹೊತ್ತಾದರೂ ಅವನ ಏದುಸಿರು ಇಳಿದಿರಲಿಲ್ಲ.

"ನಿನ್ನ ಮೂರು ವಾಚುಗಳು ಎಷ್ಟು ತೋರಿಸಿದವು ಎಂದೆ, ಕೊಟ್ರಪ್ಪ? ಇನ್ನೊಂದು ಸಲ ಹೇಳು."

"ನೂರಾ..." ಎಂದ ಕೊಟ್ರಪ್ಪ. ಕೊಡ ತಟ್ಟಿ ನೋಡುವ ಬೆರಳನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡ.