ಎಷ್ಟು ಎಂದು ಕೇಳಿದವನು

ಹೊಳೆಯ ದಂಡೆಯಲ್ಲಿ ನಿರ್ವಾಣಯ್ಯ ಎಂಬ ಗುರುಗಳ ಆಶ್ರಮವಿತ್ತು. ಆ ವರ್ಷ ಹರಿಗೋಲು ಮಗುಚಿ ಮೂವರು ನೀರುಪಾಲಾದರು. ಅಲ್ಲೊಂದು ಕಲ್ಲಿನ ಸೇತುವೆ ಆಗಲೇಬೇಕೆಂದು ಗುರುಗಳು ನಿಶ್ಚಯಿಸಿದರು.

ಕೆಲಸವನ್ನು ಶಿಷ್ಯ ಕರಿಬಸವನಿಗೆ ವಹಿಸಿದರು. ಅವನು ಓದುಬರಹದಲ್ಲಿ ಚುರುಕು. ಹಿಡಿದ ಕೆಲಸ ಬಿಡುವವನಲ್ಲ.

ಕಲ್ಲು ಸಿಗುವುದು ಎರಡು ದಿನದ ದಾರಿಯ ಬೂದಿಗುಡ್ಡದಲ್ಲಿ. ಅಲ್ಲಿ ಯಲ್ಲಬೋವಿ ತನ್ನ ಕಡೆಯವರೊಂದಿಗೆ ಬಂಡೆ ಒಡೆಯುತ್ತಿದ್ದ. ಅದೇ ದಾರಿಯ ನಡುವೆ ಸಣ್ಣೀರಮ್ಮನ ಸುಣ್ಣ ಸುಡುವ ಗೂಡು. ಈ ಮೂವರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

"ಮುಂಗಾರಿನ ಹೊಸ ನೀರು ಬರುವುದರೊಳಗೆ ಮುಗಿಯಬೇಕು," ಎಂದರು ಗುರುಗಳು.

"ಮುಗಿಸುತ್ತೇನೆ," ಎಂದ ಕರಿಬಸವ.

ಅವನು ಯಲ್ಲಬೋವಿಗೆ ಓಲೆ ಬರೆದ: ನಾಲ್ಕು ಮೊಳ ಉದ್ದದ, ಗೇಣು ದಪ್ಪದ ಚಪ್ಪಡಿ, ನೂರಿಪ್ಪತ್ತು. ಸಣ್ಣೀರಮ್ಮನಿಗೆ ಬರೆದ: ಅರವತ್ತು ಗಾಡಿ ಸುಣ್ಣ, ಬೇಗ.

ಆಮೇಲೆ ಎರಡು ದಿನಕ್ಕೊಮ್ಮೆ ಒಬ್ಬೊಬ್ಬ ಓಲೆಕಾರನನ್ನು ಓಡಿಸತೊಡಗಿದ. ಎಷ್ಟು ಕಲ್ಲಾಯಿತು, ಎಷ್ಟು ಸುಣ್ಣವಾಯಿತು ಎಂದು ಪ್ರತಿ ಓಲೆಯಲ್ಲೂ ಕೇಳುತ್ತಿದ್ದ. ಪ್ರತಿ ಸಲವೂ ಉತ್ತರ ಬರುತ್ತಿತ್ತು. ಅದನ್ನು ಓದಿ ಸಮಾಧಾನದಿಂದ ಮಲಗುತ್ತಿದ್ದ.

ಮೊದಲ ಗಾಡಿಗಳು ಬಂದವು. ಹೊಳೆಯಲ್ಲಿ ಪರೀಕ್ಷೆಗೆಂದು ನಿಲ್ಲಿಸಿದ್ದ ಎರಡು ಕಂಬಗಳ ಮೇಲೆ ಚಪ್ಪಡಿ ಹಾಸಿ, ಒಂದು ಜೊತೆ ಎತ್ತುಗಳನ್ನು ದಾಟಿಸಿ ನೋಡಿದರು. ಎತ್ತುಗಳು ನಡುವಿಗೆ ಬರುತ್ತಲೇ ಕಲ್ಲು ಸೀಳಿತು. ಒಂದು ಎತ್ತಿನ ಕಾಲು ತರಚಿತು. ಎತ್ತು ಹೊಡೆಯುತ್ತಿದ್ದವನು ನೀರಿಗೆ ಬಿದ್ದು ಈಜಿ ದಡ ಸೇರಿದ.

ಕರಿಬಸವ ಅಲ್ಲೇ ಕುಳಿತು ಯಲ್ಲಬೋವಿಗೆ ಕಟುವಾದ ಓಲೆ ಬರೆದ. ಕಣ್ಣೆದುರು ಇಲ್ಲದವರನ್ನು ನಂಬಿ ಕೆಟ್ಟೆ ಎಂದು ಗುರುಗಳ ಬಳಿ ಹೇಳಿಕೊಂಡ.

ಗುರುಗಳು ಓಲೆಯನ್ನು ಓದಿ ಮಡಚಿದರು.

"ಈ ಯಲ್ಲಬೋವಿ ನಮ್ಮ ಹೊಳೆಯನ್ನು ನೋಡಿದ್ದಾನೆಯೇ?"

"ಗೊತ್ತಿಲ್ಲ, ಗುರುಗಳೇ."

"ಹಾಗಾದರೆ ಇದನ್ನು ಓಲೆಕಾರನಿಗೆ ಕೊಡಬೇಡ. ನೀನೇ ಒಯ್ದು ಕೊಡು."

ಕರಿಬಸವ ಸಿಟ್ಟಿನಲ್ಲೇ ನಡೆದ. ಸಣ್ಣೀರಮ್ಮನ ಗೂಡಿನ ಹೊಗೆ ಕಂಡರೂ ನಿಲ್ಲಲಿಲ್ಲ.

ಬೂದಿಗುಡ್ಡದಲ್ಲಿ ಹನ್ನೊಂದು ಮಂದಿ ಬಿಸಿಲಲ್ಲಿ ಕಲ್ಲು ಒಡೆಯುತ್ತಿದ್ದರು. ಯಲ್ಲಬೋವಿ ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಬಂದವನಿಗೆ ಮೊದಲು ನೀರು ಕೊಟ್ಟ. ತಮ್ಮಲ್ಲಿ ಯಾರಿಗೂ ಓದು ಬಾರದೆಂದೂ, ಓಲೆ ಬಂದಾಗಲೆಲ್ಲ ಒಬ್ಬ ಕೆಲಸ ಬಿಟ್ಟು ಪಕ್ಕದ ಊರಿಗೆ ಓದಿಸಿ ಉತ್ತರ ಬರೆಸಲು ಹೋಗುತ್ತಾನೆಂದೂ ಹೇಳಿದ. ಹೇಳುವಾಗ ದೂರು ಇರಲಿಲ್ಲ.

ಚಪ್ಪಡಿ ಸೀಳಿದ ಸಂಗತಿ ಕೇಳಿ ಅವನ ಮುಖ ಬಾಡಿತು.

"ಸೇತುವೆಗೇ, ಅಯ್ಯನವರೇ? ನಾವು ಅಂಗಳಕ್ಕೆ ಹಾಸೋಕೆ ಅಂದುಕೊಂಡಿದ್ದೆವು."

ನೆಲಕ್ಕೆ ಹಾಸುವ ಕಲ್ಲೇ ಬೇರೆ, ಭಾರ ಹೊತ್ತು ನಿಲ್ಲುವ ಕಲ್ಲೇ ಬೇರೆ ಎಂದ. ಎರಡು ಬಂಡೆಗಳಿಗೆ ಸುತ್ತಿಗೆ ತಾಗಿಸಿದ. ಒಂದು ಮಂಕಾಗಿ ಸದ್ದು ಮಾಡಿತು. ಇನ್ನೊಂದು ಗಂಟೆಯಂತೆ ನುಡಿಯಿತು.

"ಏತಕ್ಕೆ ಈ ಕಲ್ಲು ಎಂದು ಒಂದು ಸಲವಾದರೂ ಕೇಳಬಾರದಿತ್ತೇ?" ಎಂದ ಕರಿಬಸವ.

"ನೀವು ಎಷ್ಟು ಅಂತ ಕೇಳಿದಿರಿ. ನಾವು ಎಷ್ಟು ಅಂತ ಹೇಳಿದೆವು."

ಕರಿಬಸವ ಸೊಂಟದಲ್ಲಿದ್ದ ಓಲೆಯನ್ನು ಹೊರಗೆ ತೆಗೆಯಲಿಲ್ಲ.

ಅವನು ಮಣ್ಣಿನಲ್ಲಿ ಕುಳಿತು ಬೆರಳಿನಿಂದ ಹೊಳೆಯನ್ನು ಬರೆದ. ಸುಳಿ ಇರುವುದೆಲ್ಲಿ, ಹರಿಗೋಲು ಮಗುಚಿದ್ದೆಲ್ಲಿ ಎಂದು ತೋರಿಸಿದ. ಸತ್ತ ಮೂವರ ಹೆಸರು ಹೇಳಿದ. ಅವರಲ್ಲೊಬ್ಬಳು ತವರಿಗೆ ಹೊರಟಿದ್ದ ಬಸುರಿ. ಕಲ್ಲು ಒಡೆಯುವವರು ಒಬ್ಬೊಬ್ಬರಾಗಿ ಸುತ್ತಿಗೆ ಇಟ್ಟು ಬಂದು ಸುತ್ತ ಕುಳಿತರು.

ನೀರು ಎಷ್ಟು ಎತ್ತರಕ್ಕೆ ಏರುತ್ತದೆ, ಮರದ ದಿಮ್ಮಿಗಳು ತೇಲಿ ಬರುತ್ತವೆಯೇ ಎಂದು ಯಲ್ಲಬೋವಿ ವಿಚಾರಿಸಿದ. ಹಾಗಾದರೆ ನೀರು ಬರುವ ಕಡೆಗೆ ಕಂಬಗಳನ್ನು ಚೂಪಾಗಿ ಕಟ್ಟಬೇಕು, ಇಲ್ಲದಿದ್ದರೆ ದಿಮ್ಮಿ ಬಡಿದು ಬೀಳುತ್ತವೆ ಎಂದ. ಕರಿಬಸವನಿಗೆ ಇದು ಹೊಳೆದೇ ಇರಲಿಲ್ಲ.

ಅವರ ಮೊಳಕ್ಕೂ ಇವನ ಮೊಳಕ್ಕೂ ನಾಲ್ಕು ಬೆರಳು ವ್ಯತ್ಯಾಸವಿತ್ತು. ಒಂದೇ ಅಳತೆಯ ಎರಡು ಕೋಲು ಕಡಿದರು, ಗುಡ್ಡಕ್ಕೊಂದು, ಹೊಳೆಗೊಂದು. ಇನ್ನು ವಾರಕ್ಕೊಮ್ಮೆ, ಸಂತೆಯ ದಿನ ಮಾತ್ರ ಸುದ್ದಿ ಎಂದು ಮಾತಾಯಿತು. ಅದೂ ಓಲೆಯಲ್ಲಲ್ಲ, ಸಂತೆಗೆ ಬರುವವರ ಬಾಯಿಮಾತಿನಲ್ಲಿ. ಏನಾಯಿತು, ಎಲ್ಲಿ ಅಡಚಣೆಯಿದೆ, ಯಾರಿಂದ ಏನು ಬೇಕು ಎಂದು ಹೇಳಿದರೆ ಸಾಕು. ಉಳಿದದ್ದನ್ನು ಅಲ್ಲಲ್ಲಿನವರೇ ತೀರ್ಮಾನಿಸುವುದು.

ಮರಳುವಾಗ ಅವನು ಸಣ್ಣೀರಮ್ಮನಲ್ಲಿ ನಿಂತ. ಅವಳು ಕೊಟ್ಟಿಗೆ ತುಂಬ ಸುಣ್ಣ ಸುಟ್ಟು ರಾಶಿ ಹಾಕಿದ್ದಳು. ತಿಂಗಳುಗಟ್ಟಲೆ ಗಾಳಿಗೆ ಬಿದ್ದ ಸುಣ್ಣಕ್ಕೆ ಹಿಡಿತ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬೇಗ ಎಂದು ಬರೆದಿದ್ದರಿಂದ ಸುಟ್ಟಿದ್ದಳು. ಅವಳ ಅಂಗಳದಲ್ಲೂ ಕರಿಬಸವ ಕುಳಿತು ಹೊಳೆಯನ್ನು ಬರೆದ. ಕಲ್ಲು ಕೂರಿಸುವ ಹೊತ್ತಿಗೆ ಹೊಸದಾಗಿ ಸುಟ್ಟು ಕೊಡುತ್ತೇನೆ ಎಂದಳು.

ಆಶ್ರಮಕ್ಕೆ ಬಂದ ಮೇಲೆ ಐದು ದಿನ ಯಾವ ಸುದ್ದಿಯೂ ಇಲ್ಲ. ಅವನಿಗೆ ಊಟ ಸೇರಲಿಲ್ಲ. ಆರನೆಯ ಬೆಳಿಗ್ಗೆ ಗುರುಗಳ ಎದುರು ನಿಂತ.

"ಓಲೆಕಾರನನ್ನು ಒಂದು ಸಲ ಕಳಿಸಲೇ?"

"ಹೋಗಿ ಏನು ಕೇಳುತ್ತಾನೆ?"

"ಕೆಲಸ ನಡೆಯುತ್ತಿದೆಯೇ ಎಂದು."

"ನಡೆಯುತ್ತಿದ್ದರೆ ಇವನು ಹೋಗಿ ನಿಲ್ಲಿಸುತ್ತಾನೆ," ಎಂದು ಗುರುಗಳು ಅವನ ಕೈಗೆ ಗುದ್ದಲಿ ಕೊಟ್ಟರು. "ಈ ದಡದ ಪಾಯ ಇನ್ನೂ ಎದೆಮಟ್ಟ ಇಳಿಯಬೇಕು. ನಿನ್ನ ಪಾಲಿನದು ಅಗೆ."

ಕರಿಬಸವ ಅಗೆದ. ಸಂಜೆಯ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು, ಹಸಿವೂ ಆಗಿತ್ತು.

ಸಂತೆಯ ದಿನ ಸುದ್ದಿ ಬಂತು. ಸಣ್ಣೀರಮ್ಮನ ಗೂಡಿನ ಗೋಡೆ ಕುಸಿದಿತ್ತಂತೆ. ಅವಳು ನೇರವಾಗಿ ಯಲ್ಲಬೋವಿಗೆ ಹೇಳಿ ಕಳಿಸಿದಳಂತೆ. ಅವನು ಇಬ್ಬರು ಆಳುಗಳನ್ನೂ ಒಂದು ಗಾಡಿ ಕಲ್ಲನ್ನೂ ಕಳಿಸಿದನಂತೆ. ಗೋಡೆ ಎದ್ದು, ಗೂಡು ಮತ್ತೆ ಉರಿಯುತ್ತಿದೆಯಂತೆ.

ಕರಿಬಸವನಿಗೆ ಹಿತವಾಯಿತು. ಒಳಗೊಳಗೇ ಒಂದಿಷ್ಟು ನೋವೂ ಆಯಿತು.

ಹೊಸ ನೀರಿಗೆ ಒಂಬತ್ತು ದಿನ ಮುಂಚೆ ಕೊನೆಯ ಚಪ್ಪಡಿ ಕೂತಿತು. ಈ ಸಲ ನಾಲ್ಕು ಜೊತೆ ಎತ್ತುಗಳು ಭಾರ ತುಂಬಿದ ಗಾಡಿಗಳನ್ನು ಎಳೆದು ದಾಟಿದವು. ಕಲ್ಲು ಅಲುಗಲಿಲ್ಲ.

ಅಂದು ಯಲ್ಲಬೋವಿಯೂ ಸಣ್ಣೀರಮ್ಮನೂ ಸೇತುವೆ ನೋಡಲು ಬಂದರು. ಅವರಿಬ್ಬರು ಮುಖಾಮುಖಿಯಾದದ್ದು ಅದೇ ಮೊದಲು. ಅವನು ಗಾರೆಯ ಮೇಲೆ ಬೆರಳಾಡಿಸಿ ಮೆಚ್ಚಿ ತಲೆದೂಗಿದ. ಅವಳು ಅವನ ಸೊಸೆಯ ಬಾಣಂತನ ವಿಚಾರಿಸಿದಳು. ಹಳೆಯ ನೆಂಟರಂತೆ ಮಾತಾಡುತ್ತ ಆಚೆ ದಡಕ್ಕೆ ನಡೆದರು.

ಕರಿಬಸವ ನಡುಸೇತುವೆಯಲ್ಲಿ ನಿಂತಿದ್ದ. ಗುರುಗಳು ಬಂದು ಪಕ್ಕದಲ್ಲಿ ನಿಂತರು.

"ಗೂಡು ಕುಸಿದಾಗ ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ, ಗುರುಗಳೇ."

"ಕೇಳದೆ ಮಾಡಿದ್ದು ತಪ್ಪಾಯಿತೇ?"

"ಇಲ್ಲ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ."

ಗುರುಗಳು ಆಚೆ ದಡದ ಕಡೆ ನೋಡಿದರು.

"ಹಾಗಾದರೆ ನೀನು ಮಣ್ಣಿನಲ್ಲಿ ಬರೆದು ಹೇಳಿದ್ದು ಅವರಿಗೆ ತಲುಪಿದೆ."